ಚಿಕ್ಕಮ್ಮನ ಬಲರೆಪ್ಪೆ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಚಿಕ್ಕಮ್ಮ ನನಗೆ ತೊಡೆ ಕೊಟ್ಟಳು. ನಾನು ಪಂಜರದ ಸರಳಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿ "ತಿರುಗಮ್ಮ" ಅಂದೆ. ಅವಳು ಗೊಣಗಿಕೊಂಡೇ ಎದ್ದು, ಬೆನ್ನು ತಿರುಗಿಸಿ, ಬಲತೊಡೆಯನ್ನು ಸರಳಿಗೆ ಒತ್ತಿ ನಿಂತಳು. ಸೂಜಿ ಒಳಗೆ ಹೋಯಿತು, ಹೊರಗೆ ಬಂತು. "ಆಯ್ತು" ಅಂದೆ. ಆ ಮಾತು ಕೇಳಿದ ಮೇಲೆಯೇ ಅವಳು ತೊಡೆ ತೆಗೆಯುವುದು, ಕೂರುವುದು, ಕೈ ಚಾಚಿ ಒಂದು ಒಣದ್ರಾಕ್ಷಿ ಕೇಳುವುದು. ದ್ರಾಕ್ಷಿ ತಿಂದು ಐದು ನಿಮಿಷಕ್ಕೆ ಮತ್ತು ಏರಿ ಮೂಲೆಗೆ ಒರಗಿದಳು.

ಚಿಕ್ಕಮ್ಮ ಅಂದರೆ ಮಂಗ. ಹತ್ತೊಂಬತ್ತು ವರ್ಷದ ಹೆಣ್ಣು. ಕಾಗದದ ಮೇಲೆ ಅವಳಿಗಿರುವುದು ಬರೀ ಒಂದು ನಂಬರು. ಎದುರು ಪಂಜರದವರು ಜಗಳವಾಡಿದರೆ ಎರಡೂ ಕಡೆಯವರನ್ನು ಬೈಯುವವಳು ಅವಳೇ, ಪಕ್ಕದವಳ ತಲೆ ಹೇನು ನೋಡುವವಳೂ ಅವಳೇ, ಅದಕ್ಕೆ ನಾನಿಟ್ಟ ಹೆಸರು ಅದು. ನಮ್ಮ ಮನೆಯವರು ಸಂಜೆ ಬಂದ ಕೂಡಲೇ "ನಿಮ್ಮ ಚಿಕ್ಕಮ್ಮ ಇವತ್ತು ಏನಂದ್ರು?" ಅಂತ ವಿಚಾರಿಸುತ್ತಾರೆ. ನನ್ನ ನಿಜವಾದ ಚಿಕ್ಕಮ್ಮಂದಿರು ಮೂವರಿದ್ದಾರೆ. ಅವರು ಬದುಕಿದ್ದಾರಾ ಅಂತ ಒಂದು ದಿನವೂ ಕೇಳಿದವರಲ್ಲ.

ನಾನು ಪಶುವೈದ್ಯರ ಕೈಕೆಳಗಿನ ಟೆಕ್ನಿಷಿಯನ್. ಸಂಶೋಧನೆಗೆಂದು ಸಾಕಿದ ಮಂಗಗಳ ತೂಕ, ರಕ್ತ, ಗಾಯ, ಹಲ್ಲು, ಔಷಧಿ ಎಲ್ಲ ನನ್ನ ಪಾಲಿಗೆ. ಮದುವೆ ಮನೆಗೆ ಹೋದರೆ ಸಾಕು, ಯಾರಾದರೂ ಒಬ್ಬರು ಕೆನ್ನೆಗೆ ಕೈ ಇಟ್ಟುಕೊಂಡು "ಪಾಪ ಅನ್ಸಲ್ವಾ ನಿಮಗೆ?" ಅನ್ನುತ್ತಾರೆ. ಅನ್ನಿಸುತ್ತದೆ. ಅನ್ನಿಸುವುದಕ್ಕೇ ಅಲ್ಲಿದ್ದೇನೆ. ಅನ್ನಿಸದವರ ಕೈಗೆ ಸೂಜಿ ಕೊಟ್ಟು ನೋಡಿ, ಆಮೇಲೆ ಮಾತಾಡಿ ಅಂತ ನಾಲಿಗೆ ತುದಿಗೆ ಬರುತ್ತದೆ. ಊಟ ಕೆಡಿಸುವುದು ಬೇಡ ಅಂತ ನುಂಗಿಕೊಳ್ಳುತ್ತೇನೆ.

ಆ ಸೋಮವಾರದ ಸೂಜಿ ಎಲ್ಲ ದಿನದ ಸೂಜಿಯಲ್ಲ. ಲಸಿಕೆಯ ಪ್ರಯೋಗ ಮುಗಿದು, ನಮ್ಮ ಕೋಣೆಯ ಹತ್ತು ಮಂಗಗಳಿಗೆ ಬಿಡುಗಡೆ ಸಿಕ್ಕಿತ್ತು. ಇಂಥ ಮುದಿ ಮಂಗಗಳನ್ನು ಸಾಯುವವರೆಗೆ ಮರ, ಮಣ್ಣು, ಬಿಸಿಲಿನಲ್ಲಿ ಇಟ್ಟುಕೊಳ್ಳುವ ಒಂದು ಆಶ್ರಯಧಾಮ ಅವನ್ನು ಒಪ್ಪಿಕೊಂಡಿತ್ತು. ಮುಂದಿನ ವಾರದ ಶನಿವಾರ ವ್ಯಾನು ಬರುವುದಿತ್ತು. ಅವರದು ಒಂದೇ ಷರತ್ತು, ಟಿಬಿ ಇಲ್ಲವೆಂದು ಮೂರು ಪರೀಕ್ಷೆಯಲ್ಲಿ ಸಾಬೀತಾಗಬೇಕು. ಎರಡು ಮುಗಿದಿದ್ದವು, ಇದು ಕೊನೆಯದು. ಮಂಗಕ್ಕೆ ಮತ್ತಿನ ಸೂಜಿ ಹಾಕಿ, ಕಣ್ಣಿನ ಮೇಲ್ರೆಪ್ಪೆಗೆ ಒಂದು ಹನಿ ಔಷಧಿ ಚುಚ್ಚುತ್ತಾರೆ. ಮೈಯಲ್ಲಿ ಕ್ಷಯ ಇದ್ದರೆ ಮೂರು ದಿನದೊಳಗೆ ರೆಪ್ಪೆ ಊದುತ್ತದೆ. ಮಂಗಳವಾರ, ಬುಧವಾರ, ಗುರುವಾರ, ದಿನಕ್ಕೊಂದು ಸಲ ಕಣ್ಣು ನೋಡಿ ಬರೆಯಬೇಕು. ಊದಿದ್ದು ನಿಜವಾದ ಕ್ಷಯವೇ ಅಂತಾದರೆ ಆ ಮಂಗವನ್ನು ಉಳಿಸುವುದಿಲ್ಲ. ಮಿಕ್ಕವೂ ಎಲ್ಲಿಗೂ ಹೋಗುವುದಿಲ್ಲ.

ಮಂಗಗಳಿಗೆ ಕ್ಷಯ ಬರುವುದು ನಮ್ಮಿಂದ, ಮನುಷ್ಯರಿಂದ. ಅದಕ್ಕೇ ಬಟ್ಟೆ ಬದಲಿಸುವ ಕೋಣೆಯ ಗೋಡೆಯಲ್ಲಿ ಒಂದು ಹಾಳೆ ತೂಗುತ್ತದೆ. "ನಿಮಗಾಗಲಿ ಮನೆಯವರಿಗಾಗಲಿ ಎರಡು ವಾರ ಮೀರಿದ ಕೆಮ್ಮು ಇದೆಯೇ?" ಪ್ರತಿ ಸೋಮವಾರ ಗುರುತು ಹಾಕಿ ಒಳಗೆ ಹೋಗಬೇಕು. ನಾವು ಮಾಡುತ್ತಿದ್ದದ್ದು ಬೇರೆ. ತಿಂಗಳ ಮೊದಲ ಸೋಮವಾರ ಒಂದೇ ಪೆನ್ನು ಕೈಯಿಂದ ಕೈಗೆ ದಾಟುತ್ತಿತ್ತು, ನಾಲ್ಕು ಸೋಮವಾರಕ್ಕೂ ಒಟ್ಟಿಗೆ "ಇಲ್ಲ, ಇಲ್ಲ, ಇಲ್ಲ, ಇಲ್ಲ." ಕೆಮ್ಮು ಮೊದಲೇ ಹೇಳಿ ಬರುತ್ತದೆಯೇನೋ ಎಂಬಂತೆ.

ಆ ಸೋಮವಾರಕ್ಕೆ ನಮ್ಮ ಮಾವನ ಕೆಮ್ಮು ಶುರುವಾಗಿ ಹದಿನಾರು ದಿನ.

ಇದು ಗೊತ್ತಿರಲಿಲ್ಲ ಅಂತ ಹೇಳಿದರೆ ಹಸಿ ಸುಳ್ಳಾಗುತ್ತದೆ. ಹಾಳೆಯ ಮುಂದೆ ನಿಂತೆ. ಮೂರನೇ ಸೋಮವಾರದ ಚೌಕದಲ್ಲಿ ನನ್ನದೇ "ಇಲ್ಲ" ಕೂತಿತ್ತು. ಅದನ್ನು ಹೊಡೆದು ಹಾಕಿದರೆ ಅವತ್ತೇ ಕೋಣೆಯಿಂದ ಹೊರಗೆ. ಚಿಕ್ಕಮ್ಮ ನನ್ನನ್ನು ಬಿಟ್ಟು ಬೇರೆ ಯಾರಿಗೂ ತೊಡೆ ಕೊಡುವವಳಲ್ಲ. ಬೇರೆಯವರಾದರೆ ಪಂಜರದ ಹಿಂಬದಿಯ ತಗಡನ್ನು ಮುಂದಕ್ಕೆಳೆದು, ಅವಳನ್ನು ಸರಳಿಗೆ ಅದುಮಿ ಚುಚ್ಚಬೇಕು. ಮೊದಲು ಹಾಗೇ ನಡೆಯುತ್ತಿತ್ತು. ಹೆದರಿ ಮೈಮೇಲೆಲ್ಲ ಹೊಲಸು ಮಾಡಿಕೊಂಡು ಅರಚುತ್ತಿದ್ದಳು, ಆಮೇಲೆ ಎರಡು ದಿನ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಂಟು ತಿಂಗಳು ಒಂದೊಂದು ದ್ರಾಕ್ಷಿ ಕೊಟ್ಟು ನಾನು ಅದನ್ನು ಬಿಡಿಸಿದ್ದೆ. ಕೊನೆಯ ಪರೀಕ್ಷೆಯಲ್ಲಿ ಅವಳನ್ನು ಮತ್ತೆ ತಗಡಿನ ಬಾಯಿಗೆ ಕೊಡಬೇಕೇ? ಮೂರೇ ದಿನ ತಾನೇ, ಮಾವನದು ಧೂಳಿನ ಕೆಮ್ಮು ತಾನೇ ಅಂದುಕೊಂಡೆ. ಮಾಸ್ಕ್ ಬಿಗಿಯಾಗಿ ಕಟ್ಟಿಕೊಂಡು ಒಳಗೆ ಹೋದೆ. ಒಳ್ಳೆಯದಕ್ಕೇ ಮಾಡುತ್ತಿದ್ದೇನೆಂಬ ಜಂಭವೂ ಸ್ವಲ್ಪ ಇತ್ತು.

ಒಳಗೆ ಬಕೆಟ್ ಅಣ್ಣ ನೆಲ ತೊಳೆಯುತ್ತಿದ್ದರು. ಕೋಣೆ ಗುಡಿಸಿ ಮಂಗಗಳಿಗೆ ತಿನ್ನಲು ಹಾಕುವವರು ಅವರು, ನನಗಿಂತ ಹತ್ತು ವರ್ಷ ಹಳಬರು. ಕೈಯಲ್ಲಿ ಬಕೆಟ್ ಇಲ್ಲದೆ ಅವರನ್ನು ಯಾರೂ ನೋಡಿಲ್ಲ. ನನ್ನನ್ನು ಅವರು ಕರೆಯುವುದು ಸೂಜಿ ಮೇಡಂ ಅಂತ.

"ಅಣ್ಣ, ದ್ರಾಕ್ಷಿ ಡಬ್ಬಿ ಮತ್ತೆ ಇಳಿದಿದೆ," ಅಂದೆ. ನನಗೆ ಭಾನುವಾರ ರಜೆ. ಪ್ರತಿ ಸೋಮವಾರ ಬಂದು ನೋಡಿದರೆ ಡಬ್ಬಿ ಎರಡು ಬೆರಳು ಕೆಳಗಿರುತ್ತಿತ್ತು.

"ಇಲಿ ಇರ್ಬೇಕು, ಸೂಜಿ ಮೇಡಂ."

"ಇಲಿ ಮುಚ್ಚಳ ತೆಗೆದು ತಿಂದು ಮತ್ತೆ ಮುಚ್ಚಿಡುತ್ತಾ?"

"ಬಲೇ ಸಂಸ್ಕಾರದ ಇಲಿ," ಅಂದು ಅವರು ಬಕೆಟ್ ಎತ್ತಿಕೊಂಡು ನಡೆದರು. ಹಲ್ಲಿಲ್ಲದ ಬಾಯಿಗೆ ದ್ರಾಕ್ಷಿ ಚಪಲ ನೋಡು ಅಂತ ಮನಸ್ಸಿನಲ್ಲೇ ಬೈದುಕೊಂಡೆ.

ಮಂಗಳವಾರ ಹತ್ತೂ ಜೊತೆ ಕಣ್ಣು ಸ್ವಚ್ಛ. ಹಗುರಾಗಿ ಮನೆಗೆ ಬಂದೆ. ಮಾವ ಕಿಟಕಿಯ ಹತ್ತಿರ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದರು. ಅಂಗಡಿ ಮುಚ್ಚಿ ಆರು ವರ್ಷವಾದರೂ ಮೆಷಿನ್ನು ಬಿಟ್ಟಿರಲಿಲ್ಲ. ಕೆಮ್ಮುತ್ತಾ, ಕೆಮ್ಮು ನಿಂತಾಗ ಪೆಡಲ್ ತುಳಿಯುತ್ತಾ ತಮ್ಮದೇ ಪ್ಯಾಂಟು ಹೊಲಿಯುತ್ತಿದ್ದರು.

"ಏನು ಮಾವ, ಹರಿದಿದೆಯಾ?"

"ಹರಿದಿಲ್ಲಮ್ಮ. ಸೊಂಟ ಸಡಿಲ ಆಗಿದೆ. ಈ ಕಾಲದ ಬಟ್ಟೆ, ಒಗೆದ್ರೆ ಹಿಗ್ಗುತ್ತೆ."

ಆ ಪ್ಯಾಂಟಿನ ಬಟ್ಟೆ ನಾನು ಈ ಮನೆಗೆ ಬರುವ ಮೊದಲಿನದು. ಇಷ್ಟು ವರ್ಷ ಹಿಗ್ಗದ್ದು ಈಗ ಹಿಗ್ಗೀತೇ? ಅವರು ಊಟಕ್ಕೆ ಎದ್ದಾಗ ತಿರುಗಿಸಿ ನೋಡಿದೆ. ಒಂದು ಹೊಲಿಗೆಯಲ್ಲ, ಎರಡಿದ್ದವು. ಸ್ವಲ್ಪ ಹಳೆಯದೊಂದು, ಇವತ್ತಿನದೊಂದು. ಎರಡೂ ಸೇರಿ ನಾಲ್ಕು ಬೆರಳು. ದಿನವಿಡೀ ಮಂಗಗಳ ತೂಕ ನೋಡುವವಳು ನಾನು. ನೂರು ಗ್ರಾಂ ಇಳಿದರೂ ಓಡಿಹೋಗಿ ಡಾಕ್ಟರಿಗೆ ಹೇಳುತ್ತೇನೆ. ಒಂದೇ ಮೇಜಿನಲ್ಲಿ ಎದುರು ಕೂತು ಉಣ್ಣುವ ಮನುಷ್ಯ ಇಷ್ಟು ಇಳಿದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕೆಮ್ಮು, ಅದರ ಮೇಲೆ ತೂಕ ಇಳಿಯುವುದು. ಕ್ಷಯದ ಲಕ್ಷಣಗಳೂ ಇವೇ.

"ಮಾವ, ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಹೋಗ್ತಿದ್ದೀರಿ. ಎಕ್ಸ್‌ರೇ, ಕಫ, ರಕ್ತ, ಎಲ್ಲ ಪರೀಕ್ಷೆ."

"ಸೂಜಿ ಚುಚ್ಚೋ ಚಪಲ ಇದ್ರೆ ನಿನ್ನ ಕೋತಿಗಳಿಗೆ ಚುಚ್ಚಮ್ಮ. ನಲವತ್ತು ವರ್ಷ ಬಟ್ಟೆ ಧೂಳು ಕುಡಿದ ಎದೆ ಇದು. ಕೆಮ್ಮದೆ ಹಾಡು ಹೇಳುತ್ತಾ?"

"ಕೋತಿಗಳೇ ವಾಸಿ. ಹೇಳಿದ ಮಾತು ಕೇಳ್ತವೆ," ಅಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. ನಮ್ಮ ಮನೆಯವರು ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. "ಬೆಳಿಗ್ಗೆ ನಾನೇ ಕರ್ಕೊಂಡು ಹೋಗ್ತೀನಿ ಬಿಡು," ಅಂದರು. ಮಾವ ತಟ್ಟೆ ತೊಳೆಯಲು ಎದ್ದರು.

ಬುಧವಾರ ಚಿಕ್ಕಮ್ಮನ ಬಲರೆಪ್ಪೆ ಊದಿತ್ತು.

ಕೆಂಪಗೆ, ಅಂಚು ಜೋತುಬಿದ್ದು, ಕಣ್ಣು ಅರ್ಧ ಮುಚ್ಚಿತ್ತು. ಮಿಕ್ಕ ಒಂಬತ್ತೂ ಸರಿಯಾಗಿದ್ದವು. ನಮ್ಮ ಡಾಕ್ಟರಮ್ಮ ಟಾರ್ಚ್ ಹಿಡಿದು ಎರಡೂ ಕಡೆಯಿಂದ ನೋಡಿದರು.

"ಸೂಜಿ ರಕ್ತನಾಳಕ್ಕೆ ತಾಗಿರ್ಬೇಕು. ನಾಳೆನೂ ಹೀಗೇ ಇದ್ರೆ ಇನ್ನೊಂದು ರೆಪ್ಪೆಗೆ ಇನ್ನೊಂದು ಸಲ ಹಾಕಿ ನೋಡೋಣ, ಅಷ್ಟೇ. ಸೋಂಕು ಬರೋಕೆ ಇಲ್ಲಿ ದಾರಿನೇ ಇಲ್ವಲ್ಲ."

ಆ ದಾರಿ ಅವರ ಪಕ್ಕದಲ್ಲೇ, ಕೈಯಲ್ಲಿ ಹಾಳೆ ಹಿಡಿದುಕೊಂಡು ನಿಂತಿತ್ತು. ಹಾಳೆಯಲ್ಲಿ "ಬಲರೆಪ್ಪೆ ಊತ" ಅಂತ ಬರೆದೆ.

ಅವತ್ತು ಮಧ್ಯಾಹ್ನ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದೆ. ತೊಳೆದ ಸಿರಿಂಜಿನ ತಟ್ಟೆಯನ್ನೇ ಮತ್ತೆ ತೊಳೆದೆ. ತೂಕದ ಯಂತ್ರವನ್ನು ಮೂರು ಸಲ ಸೊನ್ನೆಗೆ ತಂದೆ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆದು, ಯಾಕೆ ಬಂದೆ ಅಂತ ಮರೆತು ವಾಪಸು ನಡೆದೆ. ಚಿಕ್ಕಮ್ಮನಿಗೂ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಪಂಜರದಲ್ಲಿ ಎಡಕ್ಕೆ ಮೂರು ಹೆಜ್ಜೆ, ಬಲಕ್ಕೆ ಮೂರು ಹೆಜ್ಜೆ, ನಡುವೆ ನಿಂತು ಊದಿದ ಕಣ್ಣನ್ನು ಮುಂಗೈಯಿಂದ ಉಜ್ಜಿಕೊಳ್ಳುವುದು. ಬೇರೆ ದಿನ ಇಂಥದ್ದನ್ನು ಕಂಡರೆ ಹಾಳೆಯಲ್ಲಿ "ಚಡಪಡಿಕೆ" ಅಂತ ಬರೆಯುತ್ತೇನೆ. ಅವತ್ತು ಯಾರನ್ನು ನೋಡಿ ಬರೆಯಬೇಕೋ ತಿಳಿಯಲಿಲ್ಲ.

ಸುಮ್ಮನಿದ್ದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದೆ. ಡಾಕ್ಟರಮ್ಮ ಸೂಜಿ ತಾಗಿದ್ದೆಂದು ಬರೆಯುತ್ತಾರೆ, ಇನ್ನೊಂದು ಸಲ ಚುಚ್ಚುತ್ತಾರೆ, ರೆಪ್ಪೆ ಊದದಿದ್ದರೆ ಚಿಕ್ಕಮ್ಮ ಮುಂದಿನ ವಾರ ವ್ಯಾನು ಹತ್ತುತ್ತಾಳೆ. ಬಾಯಿ ಬಿಟ್ಟರೆ ಅದೇ ಊತದ ಅರ್ಥ ಬೇರೆಯಾಗುತ್ತದೆ. ಕೆಮ್ಮುವ ಮನೆಯಿಂದ ಬಂದವಳು ಮುಟ್ಟಿದ ಮಂಗ, ಅದರ ಕಣ್ಣೇ ಊದಿದೆ. ನನ್ನ ಒಂದು ಮಾತು ಅವಳ ಜೀವಕ್ಕೇ ಸಂಚಕಾರ ತರಬಹುದು. ಆದರೆ ನಿಜವಾಗಿಯೂ ಕ್ಷಯವಾಗಿದ್ದರೆ? ಆ ಆಶ್ರಯಧಾಮದಲ್ಲಿ ಇನ್ನೂ ಅರವತ್ತು ಮಂಗಗಳಿವೆ. ಅಲ್ಲಿ ಚಿಕ್ಕಮ್ಮ ಮೊದಲು ಮಾಡುವ ಕೆಲಸ ಎಲ್ಲರ ತಲೆ ನೋಡುವುದು.

ಸಂಜೆ ಮನೆಗೆ ಬಂದರೆ ಮಾವ ಎಂದಿಗಿಂತ ಮೆತ್ತಗಿದ್ದರು. ಕಫ, ರಕ್ತ, ಎಕ್ಸ್‌ರೇ ಎಲ್ಲ ಕೊಟ್ಟು ಬಂದಿದ್ದರು, ಉತ್ತರ ಶುಕ್ರವಾರ. "ಸೂಜಿ ಹಾಕೋ ಹುಡುಗಿ ಒಳ್ಳೆಯವಳಮ್ಮ. ಚುಚ್ಚೋ ಮುಂಚೆ ಹೇಳಿ ಚುಚ್ಚಿದ್ಲು," ಅಂದರು. ನನಗೆ ಅಳು ಒತ್ತಿಕೊಂಡು ಬಂತು. ಸಿಂಕಿನ ನಲ್ಲಿ ಬಿಟ್ಟು ಪಾತ್ರೆ ಉಜ್ಜತೊಡಗಿದೆ.

ಶುಕ್ರವಾರದವರೆಗೆ ಕಾಯೋಣ, ಮಾವನದು ಏನೂ ಇಲ್ಲವೆಂದು ಬಂದರೆ ಹೇಳುವ ಅಗತ್ಯವೇ ಇಲ್ಲ ಅಂತ ಒಂದು ಮನಸ್ಸು ಪುಸಲಾಯಿಸುತ್ತಲೇ ಇತ್ತು. ಗುರುವಾರ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯವರೆಗೂ ಆ ಮನಸ್ಸೇ ಗೆದ್ದಿತ್ತು. ಗೌನು ತೊಟ್ಟೆ, ಕೈಗವಸು ಹಾಕಿದೆ. ಗೋಡೆಯ ಹಾಳೆಯಲ್ಲಿ ಮುಂದಿನ ಸೋಮವಾರದ "ಇಲ್ಲ" ಕಣ್ಣಿಗೆ ಬಿತ್ತು. ಇನ್ನೂ ಬಾರದ ದಿನಕ್ಕೂ ನಾನು ಸುಳ್ಳು ಹೇಳಿಟ್ಟಿದ್ದೆ. ಗೌನು ಬಿಚ್ಚಿ ಬುಟ್ಟಿಗೆ ಹಾಕಿ, ಸೀದಾ ಡಾಕ್ಟರಮ್ಮನ ಕೋಣೆಗೆ ಹೋಗಿ, ಬಾಗಿಲಲ್ಲೇ ನಿಂತು ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಷ್ಟು ದಿನದಿಂದ?"

"ಹತ್ತೊಂಬತ್ತು."

"ಸೋಮವಾರ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು ಮೇಡಂ."

ಅವರು ಕೂಗಾಡಿದ್ದರೆ ಸಹಿಸಬಹುದಿತ್ತು. ಮೆಲ್ಲಗೆ, "ನೀವು ಹೀಗೆ ಮಾಡ್ತೀರಿ ಅಂತ ನಾನು ಅಂದ್ಕೊಂಡಿರ್ಲಿಲ್ಲ," ಅಂದರು. ಕೋಣೆಯ ಕೀಲಿ ಕೇಳಿದರು. ಕೊಟ್ಟೆ. ಹತ್ತೂ ಮಂಗಗಳು ಎಲ್ಲಿಗೂ ಹೋಗುವಂತಿಲ್ಲ, ಚಿಕ್ಕಮ್ಮನಿಗೆ ಈಗಲೇ ಎದೆಯ ಎಕ್ಸ್‌ರೇ, ರಕ್ತ ಅಂದರು. ಎಕ್ಸ್‌ರೇ ಅಂದರೆ ಮತ್ತೆ ಮತ್ತು. ಮತ್ತು ಅಂದರೆ ತೊಡೆ.

"ಮೇಡಂ, ಅವಳು ಬೇರೆ ಯಾರಿಗೂ ತೊಡೆ ಕೊಡಲ್ಲ. ಹತ್ತೇ ನಿಮಿಷ, ಎರಡು ಮಾಸ್ಕ್ ಹಾಕ್ಕೊಂಡು..."

"ಒಂದು ನಿಮಿಷನೂ ಇಲ್ಲ. ಕೊಡದಿದ್ರೆ ತಗಡು ಎಳೀತೀವಿ."

ಮಂಗಗಳ ಕೋಣೆಯ ಬಾಗಿಲಿನಲ್ಲಿ ಅಂಗೈಯಗಲದ ಗಾಜು ಇದೆ. ಕಾರಿಡಾರಿನಲ್ಲಿ ನಿಂತು ಅದಕ್ಕೆ ಹಣೆ ಒತ್ತಿದೆ. ಒಳಗೆ ಡಾಕ್ಟರಮ್ಮ ಸಿರಿಂಜು ಹಿಡಿದು ಚಿಕ್ಕಮ್ಮನ ಪಂಜರದ ಪಕ್ಕಕ್ಕೆ ಬಂದರು. ಹಿಂದೆಯೇ ಬಕೆಟ್ ಅಣ್ಣ. ತಗಡಿನ ಹಿಡಿಕೆ ಇರುವುದು ಎಡಗಡೆ. ಅವರು ಎಡಗಡೆಗೇ ಹೋದರು. ನನಗೆ ಆಗಲೇ ಅವಳ ಅರಚಾಟ ಕಿವಿಯಲ್ಲಿ ಕೇಳಿಸತೊಡಗಿತ್ತು. ಇದನ್ನು ತಪ್ಪಿಸಲೆಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು ಅಂತ ಕಣ್ಣು ಮುಚ್ಚಿಕೊಂಡೆ.

ಅರಚಾಟ ಕೇಳಲಿಲ್ಲ. ಕಣ್ಣು ಬಿಟ್ಟೆ. ಬಕೆಟ್ ಅಣ್ಣ ಬಕೆಟ್ಟನ್ನು ಕೆಳಗಿಟ್ಟಿದ್ದರು. ಹಿಡಿಕೆಯ ಗೊಡವೆಗೇ ಹೋಗದೆ ಸರಳಿನ ಮೇಲೆ ಎರಡು ಸಲ ತಟ್ಟಿದರು. ಮಾಸ್ಕಿನ ಹಿಂದೆ ಏನೋ ಅಂದರು. ಚಿಕ್ಕಮ್ಮ ಊದಿದ ಕಣ್ಣಿನಿಂದ ಅವರನ್ನೊಮ್ಮೆ ನೋಡಿ, ಗೊಣಗಿಕೊಂಡೇ ಎದ್ದು, ಬೆನ್ನು ತಿರುಗಿಸಿ, ಬಲತೊಡೆಯನ್ನು ಸರಳಿಗೆ ಒತ್ತಿ ನಿಂತಳು. ಥೇಟ್ ನನಗೆ ನಿಂತ ಹಾಗೆ. ಡಾಕ್ಟರಮ್ಮ ಚುಚ್ಚಿದರು. ಅಣ್ಣ ದ್ರಾಕ್ಷಿ ಕೊಟ್ಟರು. ಅವಳು ತಿಂದಳು.

ನನಗೆ ಎಂಥ ನೆಮ್ಮದಿಯಾಯಿತೋ ಅಷ್ಟೇ ಹೊಟ್ಟೆಕಿಚ್ಚೂ ಆಯಿತು. ಹೇಳಲು ನಾಚಿಕೆ, ಆದರೂ ನಿಜ.

ಅಣ್ಣ ಹೊರಗೆ ಬಂದಾಗ ಅಡ್ಡ ನಿಂತೆ. "ಯಾವಾಗ ಕಲಿಸಿದ್ರಿ?"

"ಕಲಿಸಿದ್ದು ನೀವೇ. ನಾನು ಮರೀದೆ ಇರೋ ಹಾಗೆ ನೋಡ್ಕೊಂಡೆ, ಅಷ್ಟೇ. ಭಾನುವಾರ ಭಾನುವಾರ. ಪೆನ್ನಿನ ಮುಚ್ಚಳ ತೊಡೆಗೆ ಒತ್ತೋದು, ದ್ರಾಕ್ಷಿ ಕೊಡೋದು, ಹತ್ತಿಪ್ಪತ್ತು ಸಲ. ನಿಮಗೊಂದು ದಿನ ಜ್ವರ ಬಂದ್ರೆ ಪಾಪ ಅದನ್ನ ಅದುಮೋದು ಬೇಡ ಅಂತ."

"ಎಷ್ಟು ದಿನದಿಂದ?"

"ಒಂದು ವರ್ಷ ಆಯ್ತೇನೋ."

"ನನಗೆ ಒಂದು ಮಾತು ಹೇಳ್ಬಾರ್ದಿತ್ತಾ ಅಣ್ಣ?"

"ಹೇಳಿದ್ರೆ ನೀವು ಮುಖ ಊದಿಸ್ಕೊಂಡು ಒಂದು ತಿಂಗಳು ಮಾತು ಬಿಡ್ತಿದ್ರಿ. ಇಲಿ ಅಂದ್ರೆ ಬರೀ ಬೈದು ಸುಮ್ಮನಾಗ್ತೀರಿ."

ಸೋಮವಾರ ನಾನು ನಿಜ ಬರೆದು ಮನೆಗೆ ಹೋಗಿದ್ದರೆ ಅಣ್ಣ ಎರಡು ಸಲ ತಟ್ಟುತ್ತಿದ್ದರು, ಅವಳು ತೊಡೆ ಕೊಡುತ್ತಿದ್ದಳು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಾನಿಲ್ಲದೆ ಆಗುವುದಿಲ್ಲವೆಂದು ನಂಬಿದ್ದವಳು ನಾನೊಬ್ಬಳೇ.

ಶುಕ್ರವಾರ ಮಾವನ ಉತ್ತರ ಬಂತು. ಕ್ಷಯ ಇಲ್ಲ. ಕೆಮ್ಮು ಅವರೇ ಹೇಳಿದ ಹಾಗೆ ಧೂಳಿನ ಎದೆಯದು, ತೂಕ ಇಳಿಸಿದ್ದು ಯಾರಿಗೂ ಗೊತ್ತಿಲ್ಲದೆ ಸೇರಿಕೊಂಡಿದ್ದ ಸಕ್ಕರೆ ಕಾಯಿಲೆ. "ನೋಡ್ದ್ಯಾ, ಧೂಳು ಅಂದಿದ್ದೆ," ಅಂತ ಮಾವ ಗೆದ್ದವರ ಹಾಗೆ ನಕ್ಕರು. ಸಕ್ಕರೆಯ ವಿಷಯ ಕಿವಿ ಮೇಲೇ ಹಾಕಿಕೊಳ್ಳಲಿಲ್ಲ. ಚಿಕ್ಕಮ್ಮನ ಎಕ್ಸ್‌ರೇ ಸ್ವಚ್ಛ, ವಾರದ ಮೇಲೆ ಬಂದ ರಕ್ತದ ಉತ್ತರವೂ ಸ್ವಚ್ಛ. ರೆಪ್ಪೆಯ ಊತ ನೀಲಿಗಟ್ಟಿ, ಹಳದಿಯಾಗಿ ಇಳಿಯಿತು. ಸೂಜಿ ರಕ್ತನಾಳಕ್ಕೇ ತಾಗಿತ್ತು.

ಹಾಗಂತ ಯಾರೂ ನನ್ನ ಬೆನ್ನು ತಟ್ಟಲಿಲ್ಲ. ಹಾಳೆಯ ಮೇಲಿನ ನನ್ನ ಸುಳ್ಳಿನಿಂದಾಗಿ ಹತ್ತೂ ಮಂಗಗಳು ಇನ್ನೂ ಐದು ವಾರ ಕಬ್ಬಿಣದೊಳಗೆ ಉಳಿದು, ಮತ್ತೆರಡು ಪರೀಕ್ಷೆ ಎದುರಿಸಿದವು. ಆಶ್ರಯಧಾಮದವರು ಜಾಗ ಬೇರೆಯವರಿಗೆ ಕೊಡದೆ ಕಾದದ್ದು ಅವರ ದೊಡ್ಡತನ. ನನಗೆ ಎಚ್ಚರಿಕೆಯ ಪತ್ರ ಬಂತು, ಪಂಜರ ತೊಳೆಯುವ ಕೋಣೆಗೆ ಹಾಕಿದರು. ಗೋಡೆಯ ಹಾಳೆ ಹೋಯಿತು. ಈಗ ಪ್ರತಿ ಸೋಮವಾರ ಡಾಕ್ಟರಮ್ಮನೇ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಮುಖ ನೋಡಿ ಕೇಳುತ್ತಾರೆ. ಜೊತೆಯವರೆಲ್ಲ ನನ್ನನ್ನು ಕಂಡರೆ ಮೂಗು ಮುರಿಯುತ್ತಾರೆ. ಮುರಿಯಲಿ.

ಮಂಗಗಳು ಹೊರಟ ದಿನ ಬೆಳಿಗ್ಗೆ, ಅಂಗಳದಲ್ಲಿ ವ್ಯಾನಿನ ಹತ್ತಿರ ಒಂದು ನಿಮಿಷ ನಿಲ್ಲಲು ಡಾಕ್ಟರಮ್ಮ ಒಪ್ಪಿದರು. ನನ್ನ ಎದೆಯ ಪರೀಕ್ಷೆಯೂ ಅಷ್ಟರಲ್ಲಿ ಆಗಿತ್ತು. ಚಿಕ್ಕಮ್ಮನ ಪೆಟ್ಟಿಗೆ ಕೊನೆಯದು. ಜಾಲರಿಯ ಹಿಂದೆ ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೂತಿದ್ದಳು. ನಾನು ರಬ್ಬರ್ ಏಪ್ರನ್ನು ತೊಟ್ಟು ಸಾಬೂನಿನ ವಾಸನೆಯಲ್ಲಿ ನಿಂತಿದ್ದೆ. ಗುರುತು ಹಿಡಿಯುತ್ತಾಳೋ ಇಲ್ಲವೋ ಅನ್ನಿಸಿತು. ಹೋಗಿ ಬಾ ಅನ್ನುವುದು ಹೇಗೆ ಅಂತ ತಿಳಿಯದೆ, ಪೆಟ್ಟಿಗೆಯ ಅಂಚಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದೆ.

ಅವಳು ಎದ್ದಳು. ಆ ಇಕ್ಕಟ್ಟಿನಲ್ಲೇ ಕಷ್ಟಪಟ್ಟು ಬೆನ್ನು ತಿರುಗಿಸಿ, ಬಲತೊಡೆಯನ್ನು ಜಾಲರಿಗೆ ಒತ್ತಿ ನಿಂತಳು.

ನಾನು ಅವಳಿಗೆ ಕಲಿಸಿದ್ದು ಅದೊಂದನ್ನೇ. ಕೈಯಲ್ಲಿ ಸೂಜಿ ಇರಲಿಲ್ಲ. ಏಪ್ರನ್ನಿನ ಜೇಬು ತಡಕಿದೆ, ದ್ರಾಕ್ಷಿಯೂ ಇರಲಿಲ್ಲ. ಪಕ್ಕದಿಂದ ಬಕೆಟ್ ಅಣ್ಣ ಸದ್ದಿಲ್ಲದೆ ನನ್ನ ಅಂಗೈಗೆ ಒಂದು ದ್ರಾಕ್ಷಿ ಹಾಕಿದರು. ಜಾಲರಿಯೊಳಗೆ ತೂರಿಸಿದೆ. ಅವಳು ಹಿಂದಕ್ಕೆ ಕೈ ಚಾಚಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು, ಆದರೂ ತೊಡೆ ತೆಗೆಯಲಿಲ್ಲ. ಡ್ರೈವರ್ ವ್ಯಾನಿನ ಬಾಗಿಲು ಹಿಡಿದು ಕಾಯುತ್ತಿದ್ದ.

"ಹೇಳ್ರೀ ಸೂಜಿ ಮೇಡಂ," ಅಂದರು ಅಣ್ಣ.

ಜಾಲರಿಯ ಹತ್ತಿರ ಬಾಗಿದೆ.

"ಆಯ್ತು," ಅಂದೆ. "ಆಯ್ತು ಕಣೇ."

ಅವಳು ತೊಡೆ ತೆಗೆದು ಕೂತಳು.